ಜಿಸಿಸಿ, ಕ್ಲ್ಯಾಂಗ್, ಟಿಸಿಸಿ: ಒಂದೇ ಸಿ ಫೈಲ್, ಮೂರು ಕಂಪೈಲರ್

ತಂಗಿಯ ಮಗ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ. ಒಂದು ಸಂಜೆ ಫೋನ್ ಮಾಡಿ, “ಮಾಮ, ಮನೇಲಿ ಸರಿಯಾಗಿ ಓಡೋ ಪ್ರೋಗ್ರಾಮ್ ಲ್ಯಾಬಲ್ಲಿ ಬರೀ ಸೊನ್ನೆ ತೋರಿಸ್ತಿದೆ. ಒಂದಕ್ಷರಾನೂ ಬದಲಾಯಿಸಿಲ್ಲ” ಅಂದ. ಪ್ರೋಗ್ರಾಮ್ ಚಿಕ್ಕದು. ಕನ್ನಡದ ಪಠ್ಯವಿರುವ ಫೈಲನ್ನು ಓದಿ, ಯಾವ ಬೈಟ್ ಎಷ್ಟು ಸಲ ಬಂದಿದೆ ಎಂದು 256 ಮನೆಗಳ ಒಂದು ಅರೇಯಲ್ಲಿ ಎಣಿಸುತ್ತದೆ, ಅಷ್ಟೆ. ಮನೆಯಲ್ಲಿ ಅವನು ಬಳಸುವುದು ರಾಸ್ಪ್‌ಬೆರಿ ಪೈ (ಆರ್ಮ್ ಚಿಪ್ಪಿನ ಪುಟ್ಟ ಕಂಪ್ಯೂಟರ್), ಲ್ಯಾಬಿನಲ್ಲಿರುವುದು ಇಂಟೆಲ್ ಡೆಸ್ಕ್‌ಟಾಪ್. ಎರಡರಲ್ಲೂ ಲಿನಕ್ಸ್, ಎರಡರಲ್ಲೂ ಜಿಸಿಸಿ (ಸಿ ಕೋಡನ್ನು ಯಂತ್ರ ಓಡಿಸಬಲ್ಲ ಪ್ರೋಗ್ರಾಮ್ ಆಗಿಸುವ ಕಂಪೈಲರ್), ಎರಡು ಕಡೆಯೂ ಯಾವ ಆಪ್ಷನ್ನೂ ಹಾಕದೆ ಕಂಪೈಲ್ ಮಾಡಿದ್ದ.

ಫೈಲ್ ತರಿಸಿಕೊಂಡು ನನ್ನ ಲ್ಯಾಪ್‌ಟಾಪಿನಲ್ಲಿದ್ದ ಮೂರು ಕಂಪೈಲರ್‌ಗಳಿಗೂ ಒಂದೊಂದಾಗಿ ಕೊಟ್ಟೆ. ಜಿಸಿಸಿ ಹಿರಿಯಣ್ಣ, ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಮೊದಲು ಬಿಡುಗಡೆ ಮಾಡಿದ್ದು. ಕ್ಲ್ಯಾಂಗ್ ಇಪ್ಪತ್ತು ವರ್ಷ ಚಿಕ್ಕದು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಲ್ಯಾಟ್ನರ್ ಮತ್ತು ವಿಕ್ರಮ್ ಅಡ್ವೆ 2000ದಲ್ಲಿ ಶುರು ಮಾಡಿದ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಸಲಕರಣೆಗಳ ಮೇಲೆ ಕಟ್ಟಿದ್ದು, 2007ರಲ್ಲಿ ಎಲ್ಲರಿಗೂ ಸಿಕ್ಕಿತು. ಟಿಸಿಸಿ ಫಾಬ್ರಿಸ್ ಬೆಲ್ಲಾರ್ ಬರೆದ ಪುಟಾಣಿ ಕಂಪೈಲರ್.

ಆಪ್ಷನ್ ಇಲ್ಲದೆ ಕೊಟ್ಟಾಗ ಮೂರೂ ಚಕಾರ ಎತ್ತಲಿಲ್ಲ. ಓಡಿಸಿದರೆ ಅವನು ಹೇಳಿದ ಹಾಗೆಯೇ 128ರಿಂದ 255ರವರೆಗಿನ ಸಾಲುಗಳಲ್ಲಿ ಸೊನ್ನೆ. ಆಮೇಲೆ, ಎಚ್ಚರಿಕೆಗಳನ್ನು ತೋರಿಸು ಎನ್ನುವ -ಡಬ್ಲ್ಯುಆಲ್ ಹಾಕಿದೆ. ಜಿಸಿಸಿ ತಕ್ಷಣ ಆ ಸಾಲನ್ನೇ ಹಿಡಿದು ತೋರಿಸಿತು: ಅರೇಯ ಸಬ್‌ಸ್ಕ್ರಿಪ್ಟ್ (ಮನೆಯ ಸಂಖ್ಯೆ) ಚಾರ್ ಬಗೆಯದು, ಅಂದರೆ ಒಂದು ಬೈಟಿನ ಅಕ್ಷರದ ಬಗೆಯದು. ಕ್ಲ್ಯಾಂಗ್ ಹೆಚ್ಚುಕಮ್ಮಿ ಅದೇ ಮಾತಿನಲ್ಲಿ ಎಚ್ಚರಿಸಿತು. ಟಿಸಿಸಿ ಆಗಲೂ ಸುಮ್ಮನಿತ್ತು.

ಸಮಸ್ಯೆ ಇರುವುದು ಅಲ್ಲೇ. ‘ಕ’ ಎಂಬ ಒಂದಕ್ಷರ ಯುಟಿಎಫ್-8 ಎಂಬ ಅಕ್ಷರಸಂಕೇತ ಪದ್ಧತಿಯಲ್ಲಿ 224, 178, 149 ಎಂಬ ಮೂರು ಬೈಟ್ ಆಗಿ ಕೂತಿರುತ್ತದೆ. ಪೈಯಲ್ಲಿ ಓಡುವ ಆರ್ಮ್ ಲಿನಕ್ಸಿನಲ್ಲಿ ಬರೀ ಚಾರ್ ಎಂದರೆ ಅನ್‌ಸೈನ್ಡ್ (ಮೈನಸ್ ಬೆಲೆ ಇಲ್ಲದ್ದು), ಹಾಗಾಗಿ 224 ಎಂಬುದು 224 ಆಗಿಯೇ ಉಳಿಯಿತು. ಇಂಟೆಲ್ ಯಂತ್ರದಲ್ಲಿ ಅದೇ ಚಾರ್ ಸೈನ್ಡ್ (ಮೈನಸ್ ಬೆಲೆಯೂ ಇರುವಂಥದ್ದು). ಅಲ್ಲಿ 224 ಹೋಗಿ ಮೈನಸ್ 32 ಆಗುತ್ತದೆ, 178 ಹೋಗಿ ಮೈನಸ್ 78. ಅಂದರೆ ಎಣಿಕೆಯೆಲ್ಲ ಅರೇಯ ಹಿಂದಿನ, ಬೇರೆ ಯಾರದೋ ಜಾಗಕ್ಕೆ ಬೀಳುತ್ತಿತ್ತು. ಇಂಗ್ಲಿಷ್ ಪಠ್ಯ ಕೊಟ್ಟಿದ್ದರೆ ಈ ತಪ್ಪು ಜನ್ಮದಲ್ಲಿ ಕಾಣಿಸುತ್ತಿರಲಿಲ್ಲ, ಏಕೆಂದರೆ ಅಲ್ಲಿನ ಅಕ್ಷರಗಳೆಲ್ಲ 128ರ ಒಳಗೇ ಮುಗಿಯುತ್ತವೆ. ಕನ್ನಡದ ಪಠ್ಯ ಇಟ್ಟುಕೊಂಡು ಸಿ ಕಲಿಯಿರಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. (ಆರ್ಮ್ ಎಂದರೆ ಅನ್‌ಸೈನ್ಡ್ ಎಂದು ಬಾಯಿಪಾಠ ಮಾಡಬೇಡಿ. ಆಪಲ್ ಎಂ1 ಮ್ಯಾಕ್‌ನಲ್ಲಿ ಆರ್ಮ್ ಚಿಪ್ ಇದ್ದರೂ ಚಾರ್ ಸೈನ್ಡ್.)

ಇಲ್ಲಿ ಜಿಸಿಸಿಯನ್ನು ಮೆಚ್ಚಲೇಬೇಕು. ಚಾರ್ ಅನ್‌ಸೈನ್ಡ್ ಆಗಿರುವ ಪೈಯಲ್ಲೂ ಅದು ಈ ಎಚ್ಚರಿಕೆ ಕೊಡುತ್ತದೆ. ಹುಡುಗ ಮನೆಯಲ್ಲೇ ಆ ಒಂದು ಆಪ್ಷನ್ ಹಾಕಿದ್ದರೆ ಲ್ಯಾಬಿನಲ್ಲಿ ಒದ್ದಾಡುವುದು ತಪ್ಪುತ್ತಿತ್ತು.

ಮುಂದೆ, ಓಡುವಾಗಲೇ ತಪ್ಪು ಹಿಡಿಯುವ ಸ್ಯಾನಿಟೈಜರಿನ ಆಪ್ಷನ್ -ಎಫ್‌ಸ್ಯಾನಿಟೈಜ್=ಅನ್‌ಡಿಫೈನ್ಡ್ ಹಾಕಿ, ಜೊತೆಗೆ -ಜಿ ಕೊಟ್ಟು ಓಡಿಸಿದೆ. ಜಿಸಿಸಿಯಲ್ಲೂ ಕ್ಲ್ಯಾಂಗಿನಲ್ಲೂ ಸಾಲಿನ ಸಂಖ್ಯೆ ಸಮೇತ ಬಂತು: ಇಂಡೆಕ್ಸ್ ಮೈನಸ್ 32, ಇಂಟ್ 256ರ ಅರೇಯ ಹೊರಗೆ. ಮೊದಲ ‘ಕ’ದ ಮೊದಲ ಬೈಟಿಗೇ ಸಿಕ್ಕಿಬಿದ್ದಿತು. ಮೆಮೊರಿಯ ಗಡಿ ದಾಟುವುದನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಜರನ್ನೂ ಸೇರಿಸಿದಾಗ ಯಾರಿಗೂ ಗೊತ್ತಿಲ್ಲದ ಇನ್ನೊಂದು ತಪ್ಪು ಹೊರಬಿತ್ತು. ‘ಪದ’ ಎಂಬ ಅರೇಗೆ ಅವನು 15 ಬೈಟ್ ಜಾಗ ಇಟ್ಟಿದ್ದ. ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆಯೂ ಸೇರಿ ಐದು ಯೂನಿಕೋಡ್ ಸಂಕೇತ, ತಲಾ ಮೂರು ಬೈಟ್, ಒಟ್ಟು 15. ಲೆಕ್ಕ ಸರಿಯಾಗಿಯೇ ಇದೆ, ಪದ ಮುಗಿಯಿತೆಂದು ಸೂಚಿಸುವ ಕೊನೆಯ ನಲ್ ಬೈಟಿಗೆ ಮಾತ್ರ ಜಾಗವಿಲ್ಲ. ಫೈಲಿನಿಂದ ಓದಿದ ಪದವಾದ್ದರಿಂದ ಕಂಪೈಲ್ ಮಾಡುವಾಗ ಯಾವುದಕ್ಕೂ ಇದು ಕಾಣಿಸಿರಲಿಲ್ಲ. ಓಡುವಾಗ ಮಾತ್ರ, ‘16 ಬೈಟ್ ಬರೆಯಲು ಹೋಗಿದ್ದೀರಿ, ಪದ ಎಂಬ ವೇರಿಯಬಲ್ ದಾಟಿದೆ’ ಎಂದು ಜಿಸಿಸಿ, ಕ್ಲ್ಯಾಂಗ್ ಎರಡೂ ವೇರಿಯಬಲ್‌ನ ಹೆಸರು ಹಿಡಿದು ಹೇಳಿದವು. ಈ ವರದಿಗಳು ಅಣ್ಣತಮ್ಮಂದಿರಂತೆ ಕಾಣುವುದಕ್ಕೆ ಕಾರಣವಿದೆ. ಸ್ಯಾನಿಟೈಜರಿನ ರನ್‌ಟೈಮ್ ಭಾಗವನ್ನು ಜಿಸಿಸಿ ಎಲ್‌ಎಲ್‌ವಿಎಂನಿಂದಲೇ ತೆಗೆದುಕೊಂಡಿದೆ.

ಇಲ್ಲಿಯವರೆಗೆ ದೊಡ್ಡವೆರಡೂ ಸರಿಸಮ. ಬೇರೆಯಾಗುವುದು ಕಲಿಯುವವರ ತಪ್ಪುಗಳಲ್ಲಿ. ಅವನ ಇನ್ನೊಂದು ಫಂಕ್ಷನ್‌ನಲ್ಲಿ, ಸಾಲು ಖಾಲಿ ಇಲ್ಲದಿದ್ದರೆ ಮಾತ್ರ ‘ಹೆಚ್ಚು’ ಎಂಬ ವೇರಿಯಬಲ್‌ಗೆ ಅರೇಯ ಮೊದಲ ಬೆಲೆ ಸಿಗುತ್ತಿತ್ತು. ಖಾಲಿಯಿದ್ದರೆ ಹಳೆಯ ಕಸವೇ ವಾಪಸ್. -ಡಬ್ಲ್ಯುಆಲ್ ಕೊಟ್ಟ ಕ್ಲ್ಯಾಂಗ್, ಈ ಇಫ್‌ನ ಷರತ್ತು ಸುಳ್ಳಾದಾಗ ‘ಹೆಚ್ಚು’ಗೆ ಬೆಲೆಯೇ ಇರುವುದಿಲ್ಲ ಎಂದು ಷರತ್ತಿನ ಕೆಳಗೇ ಗೆರೆ ಎಳೆದು ತೋರಿಸಿ, ಎಲ್ಲಿ ಏನು ಸೇರಿಸಿದರೆ ಸರಿಹೋಗುತ್ತದೆ ಎಂಬುದನ್ನೂ ಹೇಳಿತು. ಅದೇ ಆಪ್ಷನ್ ಕೊಟ್ಟ ಜಿಸಿಸಿ ಮೌನ. ವೇಗಕ್ಕಾಗಿ ಆಪ್ಟಿಮೈಸ್ ಮಾಡು ಎನ್ನುವ -ಓ2 ಸೇರಿಸಿದ ಮೇಲೆ, ಬೆಲೆ ಇಲ್ಲದೆ ಬಳಕೆಯಾಗಿರಬಹುದು ಎಂದಿತು. ಈ ಬಗೆಯ ಎಚ್ಚರಿಕೆಗಳನ್ನು ಅದು ಆಪ್ಟಿಮೈಸ್ ಮಾಡುವ ಹಂತದಲ್ಲಿ ಕಂಡುಕೊಳ್ಳುವುದರಿಂದ, ಆಪ್ಟಿಮೈಸ್ ಮಾಡು ಎಂದು ಹೇಳದಿದ್ದರೆ ಹೇಳುವುದಕ್ಕೆ ಅದರ ಬಳಿ ಏನೂ ಇರುವುದಿಲ್ಲ. ಇದು ಗೊತ್ತಿಲ್ಲದೆ ನಾನೇ ವರ್ಷಗಟ್ಟಲೆ, -ಡಬ್ಲ್ಯುಆಲ್ ಒಂದಿದ್ದರೆ ಸಾಕೆಂದು ನೆಮ್ಮದಿಯಾಗಿದ್ದೆ. ಜಿಸಿಸಿ ಬಳಸುವವರು -ಓ2 ಹಾಕಿ ಒಮ್ಮೆಯಾದರೂ ಎಚ್ಚರಿಕೆಗಳನ್ನು ಓದಲೇಬೇಕು.

ಟರ್ಬೊ ಸಿ ಎಂಬ ಹಳೆಯ ಕಂಪೈಲರಿನ ನೀಲಿ ಪರದೆಯಲ್ಲಿ ಕಲಿತ ನಮ್ಮ ತಲೆಮಾರಿಗೆ ‘ವಾಯ್ಡ್ ಮೇನ್’ (ಮೇನ್ ಫಂಕ್ಷನ್ ಏನನ್ನೂ ವಾಪಸ್ ಕೊಡುವುದಿಲ್ಲ ಎಂದು ಬರೆಯುವುದು) ಇನ್ನೂ ಕೈಬಿಟ್ಟಿಲ್ಲ. ಯಾವ ಆಪ್ಷನ್ ಇಲ್ಲದಿದ್ದರೂ ಕ್ಲ್ಯಾಂಗ್ ಅದನ್ನು ಹಿಡಿದು, ಇಂಟ್ ಎಂದು ಬದಲಿಸಿ ಎನ್ನುತ್ತದೆ. ಜಿಸಿಸಿಗೆ ಬಾಯಿ ಬರಬೇಕಾದರೆ ಇಲ್ಲೂ -ಡಬ್ಲ್ಯುಆಲ್ ಬೇಕು. ಫಂಕ್ಷನ್‌ಗಳ ವಿವರವಿರುವ ಹೆಡರ್ ಫೈಲ್ ಸೇರಿಸದೆ ಫಂಕ್ಷನ್ ಕರೆಯುವ ಹಳೆಯ ಚಾಳಿಗೆ ಈಗ ಎರಡೂ ಕಡೆ ಬಾಗಿಲು ಮುಚ್ಚಿದೆ: 2023ರಲ್ಲಿ ಬಂದ ಕ್ಲ್ಯಾಂಗ್ 16, 2024ರ ಜಿಸಿಸಿ 14 ಎರಡೂ ಅದನ್ನು ಎಚ್ಚರಿಕೆಯಿಂದ ಎರರ್‌ಗೆ ಏರಿಸಿವೆ. ಒಳ್ಳೆಯದೇ ಆಯಿತು.

ಜಿಸಿಸಿ ಕೈಯಲ್ಲೂ ಒಂದು ದೊಡ್ಡ ಅಸ್ತ್ರವಿದೆ, ಓಡಿಸದೆಯೇ ಕೋಡ್ ಪರಿಶೀಲಿಸುವ, 10ನೇ ಆವೃತ್ತಿಯಿಂದ ಬಂದ -ಎಫ್ಅನಲೈಜರ್. ಮ್ಯಾಲಾಕ್‌ನಲ್ಲಿ ಪಡೆದ ಮೆಮೊರಿ ಜಾಗವನ್ನು ಫ್ರೀ ಮಾಡದೆ (ವಾಪಸ್ ಕೊಡದೆ) ಬಿಟ್ಟಿದ್ದರೆ, ಅಥವಾ ಎರಡು ಸಲ ಫ್ರೀ ಮಾಡಿದ್ದರೆ, ‘ಇಲ್ಲಿ ಪಡೆದಿರಿ, ಇಲ್ಲಿ ಈ ಕವಲು ಹಿಡಿದಿರಿ, ಇಲ್ಲಿ ಕೈಬಿಟ್ಟಿರಿ’ ಎಂದು ಮೆಟ್ಟಿಲು ಮೆಟ್ಟಿಲಾಗಿ ದಾರಿ ತೋರಿಸುತ್ತದೆ. ಕ್ಲ್ಯಾಂಗಿಗೂ ಅಂಥದ್ದಿದೆ, ಆದರೆ ಬೇರೆಯಾಗಿ ಓಡಿಸಬೇಕು. ಪ್ರೋಗ್ರಾಮ್ ಓಡುವ ವೇಗದ ಮಾತು ಬಂದರೆ, ನಾನು ಬರೆಯುವ ಗಾತ್ರದ ಪ್ರೋಗ್ರಾಮುಗಳಲ್ಲಿ -ಓ2 ಕೊಟ್ಟ ಮೇಲೆ ಎರಡರ ನಡುವೆ ನನಗೆ ವ್ಯತ್ಯಾಸ ಕಂಡಿಲ್ಲ.

ಹಾಗಾದರೆ ಟಿಸಿಸಿ ಯಾಕೆ ಇಟ್ಟುಕೊಂಡಿದ್ದೇನೆ? -ರನ್ ಎಂಬ ಒಂದೇ ಆಪ್ಷನ್‌ಗಾಗಿ. ಕಂಪೈಲ್ ಆಗಿ, ಫೈಲ್ ಯಾವುದನ್ನೂ ಹಿಂದೆ ಬಿಡದೆ, ಎಂಟರ್ ಒತ್ತಿದ ಕ್ಷಣವೇ ಓಡಿಬಿಡುತ್ತದೆ. ಸಿ ಫೈಲಿನ ಮೊದಲ ಸಾಲಿನಲ್ಲಿ ಅದರ ವಿಳಾಸ ಬರೆದರೆ ಶೆಲ್ ಸ್ಕ್ರಿಪ್ಟಿನ ಹಾಗೆ ನೇರವಾಗಿ ಓಡಿಸಬಹುದು. ಆದರೆ ಆಪ್ಟಿಮೈಸ್ ಮಾಡುವ ಗೋಜಿಗೆ ಅದು ಹೆಚ್ಚಾಗಿ ಹೋಗುವುದಿಲ್ಲ, ಎಚ್ಚರಿಕೆಗಳೂ ಬೆರಳೆಣಿಕೆ. ಅರ್ಧ ಗಂಟೆಯ ಪ್ರಯೋಗಕ್ಕೆ ಸೊಗಸು. ಕಲಿಯುವವರ ಕೈಗೆ ಮಾತ್ರ ಕೊಡಬಾರದು.

ಲೈಬ್ರರಿ ವಿಷಯ ಒಂದೇ ಮಾತಲ್ಲಿ: ಸ್ಕ್ವೇರ್‌ರೂಟ್ ಬಳಸಿ, ಗಣಿತದ ಲೈಬ್ರರಿ ಸೇರಿಸುವ -ಎಲ್‌ಎಂ ಅನ್ನು ಸಿ ಫೈಲಿನ ಹೆಸರಿಗಿಂತ ಮೊದಲು ಬರೆದು ‘ಅನ್‌ಡಿಫೈನ್ಡ್ ರೆಫರೆನ್ಸ್’ ಕಂಡವರು ಕಂಪೈಲರ್ ಬದಲಿಸಿ ಪ್ರಯೋಜನವಿಲ್ಲ. ನನ್ನ ಉಬುಂಟುವಿನಲ್ಲಿ ಜಿಸಿಸಿಯೂ ಕ್ಲ್ಯಾಂಗೂ ಕರೆಯುವುದು ಒಂದೇ ಲಿಂಕರನ್ನು (ಕಂಪೈಲ್ ಆದದ್ದನ್ನೂ ಲೈಬ್ರರಿಗಳನ್ನೂ ಜೋಡಿಸುವ ಪ್ರೋಗ್ರಾಮನ್ನು). -ಎಲ್‌ಎಂ ಕೊನೆಗೆ ಹಾಕಿ.

ಹುಡುಗನಿಗೆ ನಾನು ಕೊಟ್ಟ ಸಲಹೆ: ಬರೆಯುವಾಗ ಕ್ಲ್ಯಾಂಗ್, ಜೊತೆಗೆ -ಡಬ್ಲ್ಯುಆಲ್ -ಡಬ್ಲ್ಯುಎಕ್ಸ್‌ಟ್ರಾ -ಜಿ ಮತ್ತು ಎರಡೂ ಸ್ಯಾನಿಟೈಜರ್. ಲ್ಯಾಬಿಗೆ ಒಪ್ಪಿಸುವ ಮೊದಲು ಜಿಸಿಸಿ, -ಓ2, -ಎಫ್ಅನಲೈಜರ್. -ಎಫ್ಅನ್‌ಸೈನ್ಡ್-ಚಾರ್ ಎಂಬ ಆಪ್ಷನ್ನೂ ಇದೆ, ಹಾಕಿದ್ದರೆ ಅವನ ಸೊನ್ನೆಗಳು ಆ ಕ್ಷಣಕ್ಕೆ ಮಾಯವಾಗುತ್ತಿದ್ದವು. ಬೇಡ ಎಂದೆ. ಆಪ್ಷನ್ ಮರೆತ ಮುಂದಿನ ಯಂತ್ರದಲ್ಲಿ ತಪ್ಪು ಮತ್ತೆ ಎದ್ದು ಕೂರುತ್ತದೆ. ಕೋಡಿನಲ್ಲೇ ಅನ್‌ಸೈನ್ಡ್ ಚಾರ್ ಎಂದು ಬರೆಸಿದೆ.

ಎರಡು ದಿನ ಬಿಟ್ಟು ಮತ್ತೆ ಫೋನ್. “ಮಾಮ, ಕನ್ನಡದ ಅಕ್ಷರಕ್ಕೆಲ್ಲ ಮೊದಲ ಬೈಟ್ 224, ಎರಡನೇದು 178 ಇಲ್ಲಾ 179 ಅಲ್ವಾ? ಹಾಗಿದ್ರೆ ಆ ಎರಡು ಸಾಲು ಕೂಡಿಸಿದ್ರೆ 224ರ ಸಾಲಿಗೆ ಸಮ ಬರ್ಬೇಕಿತ್ತು. ಜಾಸ್ತಿ ಬರ್ತಿದೆ. ಇದೂ ಚಾರ್ ತಪ್ಪಾ?”

ತಪ್ಪಲ್ಲ. ‘ಲ’ದ ಮೂರನೇ ಬೈಟೂ 178, ‘ಳ’ದ್ದು 179. ಹೆಚ್ಚಿಗೆ ಬಂದದ್ದು ಅವನ ಫೈಲಿನಲ್ಲಿದ್ದ ಲ ಮತ್ತು ಳಗಳ ಲೆಕ್ಕ.