ಪಂಪು ಸತ್ತಿತ್ತು, ಲೈಟು ಮಾತ್ರ ಉರಿಯುತ್ತಿತ್ತು: ನನ್ನ ಲಿಕ್ವಿಡ್ ಕೂಲರ್ ಕಥೆ

ಹೊಸ ಪಿಸಿ ಕಟ್ಟಿಸೋ ಯೋಚನೆಯಲ್ಲಿದ್ದೀರಾ? ಅದರಲ್ಲೂ ಬೆಂಗಳೂರಿನಿಂದ ದೂರ ಇದ್ದೀರಾ? ಹಾಗಾದರೆ ಪ್ರೊಸೆಸರನ್ನು ನೀರು ಹರಿಸಿ ತಣ್ಣಗಿಡುವ ಲಿಕ್ವಿಡ್ ಕೂಲರ್‌ಗೆ ದುಡ್ಡು ಎಣಿಸುವ ಮುಂಚೆ ಇದನ್ನು ಓದಿಬಿಡಿ. ನಾನು ಮಾಡಿದ ಎಡವಟ್ಟು ನೀವು ಮಾಡಬೇಡಿ.

ನಾನಿರೋದು ದಾವಣಗೆರೆಯಲ್ಲಿ, ಮದುವೆ ವಿಡಿಯೋ ಎಡಿಟಿಂಗ್ ಕೆಲಸ. 2021ರ ಆಗಸ್ಟ್‌ನಲ್ಲಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಒಂದು ಪಿಸಿ ಕಟ್ಟಿಸಿದೆ. ಪ್ರೊಸೆಸರ್ ರೈಜೆನ್ 7 5800ಎಕ್ಸ್. ಇದರ ಬಾಕ್ಸ್‌ನಲ್ಲಿ ಕೂಲರ್ ಬರಲ್ಲ, ಬೇರೆಯೇ ತಗೊಳ್ಳಬೇಕು. ಅಂಗಡಿಯವರು, "ಸಾರ್, ಇದು ಬಿಸಿ ಪ್ರೊಸೆಸರ್, ಬರೀ ಫ್ಯಾನಿನ ಏರ್ ಕೂಲರ್ ತಡೆಯಲ್ಲ, 240 ಎಂಎಂ ಲಿಕ್ವಿಡ್ ಹಾಕಿಸ್ಕೊಳ್ಳಿ, ಸೀಲ್ ಆಗಿರುತ್ತೆ, ಮೇಂಟೆನೆನ್ಸೇ ಇಲ್ಲ" ಅಂದರು. ಬಣ್ಣಬಣ್ಣದ ಲೈಟು ಬೇರೆ ಇತ್ತು. ಸ್ಟುಡಿಯೋಗೆ ಬರೋ ಗಿರಾಕಿಗಳಿಗೂ ಚೆನ್ನಾಗಿ ಕಾಣುತ್ತೆ ಅಂತ ಒಂಬತ್ತು ಸಾವಿರ ಕೊಟ್ಟೆ. ಮೇಂಟೆನೆನ್ಸ್ ಇಲ್ಲ ಅಂದರೆ ಮೇಂಟೆನೆನ್ಸ್ ಮಾಡೋಕೇ ಆಗಲ್ಲ ಅಂತ ಅರ್ಥ ಅನ್ನೋದು ಆಗ ಹೊಳೆಯಲಿಲ್ಲ.

ಮೊದಲ ದಿನದಿಂದಲೂ ಬೆಳಿಗ್ಗೆ ಆನ್ ಮಾಡಿದ ಕೂಡಲೇ ತಂಬಿಗೆಯಿಂದ ನೀರು ಬಗ್ಗಿಸಿದ ಹಾಗೆ ಗುಳುಗುಳು ಸದ್ದು ಬರುತ್ತಿತ್ತು. ಫೋನ್ ಮಾಡಿ ಕೇಳಿದರೆ "ಅದು ಕಾಮನ್ ಸಾರ್, ಗಾಳಿ ಸೆಟ್ ಆಗುತ್ತೆ" ಅಂದರು. ಆ ಗಾಳಿ ಎಲ್ಲಿ ಸೆಟ್ ಆಗ್ತಿತ್ತು ಗೊತ್ತಾ? ಪಂಪಿನೊಳಗೆ! ಈ ಕೂಲರ್‌ಗಳಲ್ಲಿ ಸಾಮಾನ್ಯವಾಗಿ ಪಂಪು ಪ್ರೊಸೆಸರ್ ಮೇಲೇ ಕೂತಿರುತ್ತೆ, ಬಿಸಿ ನೀರನ್ನು ತಣ್ಣಗೆ ಮಾಡೋ ರೇಡಿಯೇಟರ್ ಬೇರೆ ಕಡೆ ಇರುತ್ತೆ, ನಡುವೆ ಎರಡು ರಬ್ಬರ್ ಪೈಪು. ಒಳಗೆ ಸ್ವಲ್ಪ ಗಾಳಿ ಇದ್ದೇ ಇರುತ್ತೆ, ಅದು ಎಲ್ಲಕ್ಕಿಂತ ಎತ್ತರದ ಜಾಗಕ್ಕೆ ಹೋಗಿ ನಿಲ್ಲುತ್ತೆ. ಹಾಗಾಗಿ ರೇಡಿಯೇಟರಿನ ತುದಿ ಪಂಪಿಗಿಂತ ಮೇಲೆ ಇರಲೇಬೇಕು. ನನ್ನ ಕ್ಯಾಬಿನೆಟ್ ಮುಂದೆ ಮೂರು ಫ್ಯಾನಿನ ಜಾಗ ಇತ್ತು. ಅವರು ರೇಡಿಯೇಟರನ್ನು ಕೆಳಗಿನ ಎರಡಕ್ಕೆ ಬಿಗಿದಿದ್ದರು. ಒಂದು ಹೆಜ್ಜೆ ಮೇಲೆ ಹಾಕಿದ್ದರೆ ಸಾಕಿತ್ತು. ಜೊತೆಗೆ ಆ ರಬ್ಬರ್ ಪೈಪಿನ ಮೂಲಕ ವರ್ಷಗಟ್ಟಲೆ ನೀರು ಚೂರುಚೂರೇ ಆವಿಯಾಗಿ ಹೋಗುತ್ತೆ, ಸೀಲ್ ಇದ್ದರೂ ಸಹ. ನೀರು ಕಮ್ಮಿಯಾದಷ್ಟೂ ಗಾಳಿ ಜಾಸ್ತಿ, ಅದೆಲ್ಲ ಪಂಪಿನ ತಲೆಗೆ.

2024ರ ಏಪ್ರಿಲ್. ಹೊರಗೆ ಬೆಂಕಿಯಂಥ ಬಿಸಿಲು, ಸ್ಟುಡಿಯೋಗೆ ಶೀಟಿನ ಮಾಡು. ಫೆಬ್ರವರಿ ಮದುವೆಯೊಂದರ ಫೈನಲ್ ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿ ಚಹಾ ಕುಡಿಯೋಕೆ ಹೋದೆ. ಮುಕ್ಕಾಲು ಗಂಟೆಯ ಕೆಲಸ. ವಾಪಸ್ ಬಂದು ನೋಡಿದರೆ ಇನ್ನೂ ಆರು ಗಂಟೆ ಬಾಕಿ ಅಂತ ತೋರಿಸುತ್ತಿದೆ. ಟೆಂಪರೇಚರ್ ನೋಡಿದರೆ 90 ಡಿಗ್ರಿ. ಈ ಪ್ರೊಸೆಸರಿನ ಮಿತಿಯೇ ಅಷ್ಟು. ಅದನ್ನು ಮುಟ್ಟಿದ ತಕ್ಷಣ ತನ್ನ ಸ್ಪೀಡ್ ತಾನೇ ಇಳಿಸಿಕೊಳ್ಳುತ್ತೆ. ಫ್ಯಾನ್ ಎರಡೂ ಕಿರುಚಿಕೊಂಡು ತಿರುಗುತ್ತಿವೆ, ಪಂಪಿನ ಮೇಲಿನ ಲೈಟು ಜಗಮಗ ಅಂತಿದೆ. ಮತ್ತೇನು ತೊಂದರೆ?

ಧೂಳು ಹೊಡೆದೆ. ಪ್ರಯೋಜನ ಆಗಲಿಲ್ಲ. ಎಡಿಟಿಂಗ್ ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ, ಸುಮ್ನೆ ಅರ್ಧ ದಿನ ಹಾಳು. ಕೊನೆಗೆ ಸೈಡ್ ಪ್ಯಾನೆಲ್ ತೆಗೆದು ಪೈಪು ಮುಟ್ಟಿ ನೋಡಿದೆ. ಪಂಪಿನ ಹತ್ತಿರ ಒಂದು ಗೇಣು ಸುಡುತ್ತಿತ್ತು, ಆಚೆ ಕಡೆ ತಣ್ಣಗೆ. ರೇಡಿಯೇಟರ್ ಅಂತೂ ಕೊಡಪಾನದಷ್ಟು ತಂಪು. ಅಂದರೆ ನೀರು ಓಡುತ್ತಲೇ ಇರಲಿಲ್ಲ. ಲೈಟಿಗೆ ಬೇರೆ ಕರೆಂಟು, ಪಂಪಿನ ಮೋಟಾರಿಗೆ ಬೇರೆ. ಪಂಪು ಸತ್ತರೂ ಲೈಟು ಉರಿಯುತ್ತೆ! ಮದರ್‌ಬೋರ್ಡ್ ಯಾಕೆ ಎಚ್ಚರಿಸಲಿಲ್ಲ ಅಂತ ನೋಡಿದರೆ, ಸಿಪಿಯು ಫ್ಯಾನ್ ಅಂತ ಬರೆದಿರುವ ಜಾಗಕ್ಕೆ ರೇಡಿಯೇಟರಿನ ಫ್ಯಾನ್ ಚುಚ್ಚಿದ್ದರು, ಪಂಪಿನ ವೈರು ಯಾವುದೋ ಮೂಲೆಯ ಪಿನ್ನಿಗೆ. ಫ್ಯಾನ್ ತಿರುಗುತ್ತಿದೆ ಅಲ್ವಾ, ಬೋರ್ಡಿನ ಲೆಕ್ಕದಲ್ಲಿ ಎಲ್ಲ ಸರಿ ಇತ್ತು. ನಿಮ್ಮಲ್ಲಿ ಈಗಾಗಲೇ ಲಿಕ್ವಿಡ್ ಇದ್ದರೆ ಇವತ್ತೇ ಬಯಾಸ್‌ಗೆ (ಪಿಸಿ ಆನ್ ಆಗುವಾಗ ತೆರೆಯೋ ಮದರ್‌ಬೋರ್ಡ್ ಸೆಟ್ಟಿಂಗ್) ಹೋಗಿ ಪಂಪಿನ ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು, ಕಾಣುತ್ತಾ ನೋಡಿ, ಸೊನ್ನೆ ಆದಾಗ ಎಚ್ಚರಿಕೆ ಬರುವ ಹಾಗೆ ಇಟ್ಟುಕೊಳ್ಳಿ.

ಸಿಟ್ಟಲ್ಲಿ ಇನ್ನೊಂದು ತಪ್ಪು ಮಾಡಿದೆ. ಪಿಸಿ ಆಫ್ ಮಾಡಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಸ್ಕ್ರೂ ಬಿಚ್ಚಿ ಪಂಪನ್ನು ನೇರ ಎಳೆದೆ. ಬಿಸಿ ದಾಟಿಸೋಕೆ ನಡುವೆ ಹಚ್ಚಿರುವ ಪೇಸ್ಟ್ ಗಟ್ಟಿಯಾಗಿ ಪ್ರೊಸೆಸರ್ ಪಂಪಿನ ಜೊತೆಗೇ ಕಿತ್ತು ಬಂತು. ಪ್ರೊಸೆಸರನ್ನು ಹಿಡಿದಿಡೋ ಸಾಕೆಟ್ಟಿನ ಲಿವರ್ ಹಾಕೇ ಇತ್ತು! ಎಎಂ4 ಅನ್ನೋ ಸಾಕೆಟ್ಟಿನ ಈ ಪ್ರೊಸೆಸರ್‌ಗಳಲ್ಲಿ ಪಿನ್ನು ಪ್ರೊಸೆಸರಿಗೇ ಇರುತ್ತೆ, ಸಾವಿರದ ಮೇಲೆ. ಎರಡು ಪಿನ್ನು ಬಗ್ಗಿದ್ದವು. ಕನ್ನಡಕ ಹಾಕಿಕೊಂಡು, ಉಸಿರು ಬಿಗಿಹಿಡಿದು, ಎಟಿಎಂ ಕಾರ್ಡಿನ ಅಂಚಿನಿಂದ ನೆಟ್ಟಗೆ ಮಾಡೋ ಹೊತ್ತಿಗೆ ಬೆವರು ಇಳಿದುಹೋಯಿತು. ತೆಗೆಯೋ ಮುಂಚೆ ಹತ್ತು ನಿಮಿಷ ಪಿಸಿ ಓಡಿಸಿ, ಪೇಸ್ಟ್ ಬಿಸಿ ಆದ ಮೇಲೆ ಆಫ್ ಮಾಡಿ, ಅತ್ತಿತ್ತ ತಿರುಗಿಸಿ ನಿಧಾನಕ್ಕೆ ಬಿಡಿಸಿ.

ಮೂರು ವರ್ಷದ ವಾರಂಟಿ ಇತ್ತು, ಸುಳ್ಳು ಹೇಳಬಾರದು, ಹೊಸದನ್ನೇ ಕೊಟ್ಟರು. ಆದರೆ ಕೈಗೆ ಬರೋಕೆ ಇಪ್ಪತ್ತಮೂರು ದಿನ ಆಯಿತು. ದಾವಣಗೆರೆಯಲ್ಲಿ ತಗೊಳ್ಳೋರಿಲ್ಲ, ಬೆಂಗಳೂರಿಗೇ ಕಳಿಸಬೇಕು, ಅವರು ಪರೀಕ್ಷೆ ಮಾಡಬೇಕು, ಸ್ಟಾಕ್ ಬರಬೇಕು. ಹುಡುಗಿಯ ಅಪ್ಪ ದಿನಾ ಫೋನ್ ಮಾಡಿ "ಸರ, ವಿಡಿಯೋ ಏನಾತು?" ಅಂತಿದ್ದರು. ಕೂಲರ್ ಸತ್ತಿದೆ ಅಂದರೆ ಯಾರು ನಂಬುತ್ತಾರೆ? ಬೇಸಿಗೆ ಅಲ್ವಾ, ಕಿಟಕಿಗೆ ಇಡೋ ಕೂಲರ್ ಅಂದುಕೊಂಡರು.

ಮೂರು ದಿನ ಕಾದು, ಆಮೇಲೆ ಒಂದು ಏರ್ ಕೂಲರ್ ತರಿಸಿದೆ. ಡೀಪ್‌ಕೂಲ್ ಎಕೆ400, ಎರಡೂವರೆ ಸಾವಿರದ ಆಸುಪಾಸು. ನಾಲ್ಕು ತಾಮ್ರದ ಹೀಟ್ ಪೈಪು, ಒಂದು 120 ಎಂಎಂ ಫ್ಯಾನು, ಅಷ್ಟೇ. ಆ ಪೈಪಿನೊಳಗೂ ಚೂರು ದ್ರವ ಇರುತ್ತೆ. ಪ್ರೊಸೆಸರ್ ಕಡೆ ಬಿಸಿಗೆ ಆವಿಯಾಗಿ, ಆಚೆ ತುದಿಗೆ ಹೋಗಿ ತಣ್ಣಗಾಗಿ, ತಾನೇ ವಾಪಸ್ ಬರುತ್ತೆ. ಪಂಪೇ ಇಲ್ಲ. ಫ್ಯಾನು ಸತ್ತರೆ ನಮ್ಮೂರಲ್ಲೇ ಸಂಜೆಯೊಳಗೆ ಇನ್ನೊಂದು ಸಿಗುತ್ತೆ. ತಗೊಳ್ಳೋ ಮುಂಚೆ ಎತ್ತರ ಮಾತ್ರ ಅಳೆಯಿರಿ. ಇದು 155 ಎಂಎಂ, ಸಣ್ಣ ಕ್ಯಾಬಿನೆಟ್ಟಿನ ಬಾಗಿಲು ಮುಚ್ಚಲ್ಲ.

ಬಿಸಿ ಬಗ್ಗೆ ಅಂಗಡಿಯವರು ಹೇಳಿದ್ದು ಅರ್ಧ ನಿಜ. 5800ಎಕ್ಸ್‌ನಲ್ಲಿ ಲೆಕ್ಕ ಮಾಡೋ ಎಂಟೂ ಕೋರ್ ಒಂದೇ ಚಿಕ್ಕ ಚಿಪ್ಪಿನಲ್ಲಿವೆ, ಅಷ್ಟು ಸಣ್ಣ ಜಾಗದಿಂದ ಬಿಸಿ ಹೊರಗೆ ಬರೋದೇ ಕಷ್ಟ. ಲಿಕ್ವಿಡ್ ಚೆನ್ನಾಗಿ ಓಡುತ್ತಿದ್ದಾಗಲೂ ಎಕ್ಸ್‌ಪೋರ್ಟ್ ಹೊತ್ತಲ್ಲಿ 80ರ ಹತ್ತಿರ ಇರುತ್ತಿತ್ತು. ಈಗ ಬಯಾಸ್‌ನಲ್ಲಿ ಪವರ್ ಮಿತಿಯನ್ನು 142 ವ್ಯಾಟ್‌ನಿಂದ 88ಕ್ಕೆ ಇಳಿಸಿದ್ದೇನೆ. 70ರ ಆಸುಪಾಸಲ್ಲೇ ಇರುತ್ತೆ, ಮುಕ್ಕಾಲು ಗಂಟೆಯ ಎಕ್ಸ್‌ಪೋರ್ಟ್‌ಗೆ ಮೂರ್ನಾಲ್ಕು ನಿಮಿಷ ಜಾಸ್ತಿ ಹಿಡಿಯುತ್ತೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೆ ಯಾವ ಅಂಗಡಿಯವರೂ ಹೇಳಲ್ಲ.

ಲಿಕ್ವಿಡ್ ಯಾರಿಗೂ ಬೇಡ ಅಂತಲ್ಲ. 253 ವ್ಯಾಟ್‌ವರೆಗೂ ಎಳೆಯೋ ಇಂಟೆಲ್ ಐ9-14900ಕೆ ತರದ ಪ್ರೊಸೆಸರನ್ನು ದಿನವಿಡೀ ಓಡಿಸೋರಿಗೆ 360 ಎಂಎಂ ರೇಡಿಯೇಟರ್ ಬೇಕಾಗಬಹುದು. ಅಂಥವರೂ ಒಂದು ಅಗ್ಗದ ಏರ್ ಕೂಲರ್ ತಂದು ಪಕ್ಕಕ್ಕಿಟ್ಟುಕೊಳ್ಳಿ. ಹಾಗೇ, ಕಿಲೋಗೂ ಮೇಲೆ ತೂಗುವ ದೊಡ್ಡ ಏರ್ ಕೂಲರ್ ಹಾಕಿದ್ದರೆ ಬಸ್ಸಲ್ಲಿ, ಕೊರಿಯರಲ್ಲಿ ಸಾಗಿಸುವಾಗ ಬಿಚ್ಚಿಡಿ, ಇಲ್ಲ ಅಂದರೆ ಹಂಪ್ಸ್ ಹಾರಿದಾಗಲೆಲ್ಲ ಅದರ ಭಾರ ಮದರ್‌ಬೋರ್ಡಿನ ಮೇಲೆ ಜಗ್ಗುತ್ತೆ.

ವಾರಂಟಿಯಲ್ಲಿ ಬಂದ ಹೊಸ ಲಿಕ್ವಿಡ್ ಬಾಕ್ಸ್ ಒಡೆಯದೇ ಅಟ್ಟದ ಮೇಲಿದೆ. ಮೊನ್ನೆ ಒಬ್ಬ ಹುಡುಗ ಮೂರು ಸಾವಿರಕ್ಕೆ ಕೇಳಿದ. ಕೊಡ್ತೀನಿ, ಆದರೆ ಕ್ಯಾಬಿನೆಟ್ ತಗೊಂಡು ಬಾ, ರೇಡಿಯೇಟರ್ ಎಲ್ಲಿ ಕೂರುತ್ತೆ ಅಂತ ಮೊದಲು ನಾನೇ ನೋಡಬೇಕು ಅಂದೆ. ಇನ್ನೂ ಬಂದಿಲ್ಲ.