ಸೂ ಗ್ರೇ ವರದಿ: ಉಚಿತವಾಗಿ ಸಿಗುವ ಒಂದು ಖಾರದ ಕಡತ

ಲಾಕ್‌ಡೌನ್ ಕಾಲದಲ್ಲಿ ಬ್ರಿಟನ್ ಪ್ರಧಾನಿ ಕಚೇರಿಯಲ್ಲಿ ನಡೆದ ಕೂಟಗಳ ಕುರಿತು ಹಿರಿಯ ಅಧಿಕಾರಿ ಸೂ ಗ್ರೇ ಸಿದ್ಧಪಡಿಸಿದ ಅಂತಿಮ ವರದಿಯನ್ನು 2022ರ ಮೇ 25ರಂದು ಅಲ್ಲಿನ ಸರ್ಕಾರಿ ಜಾಲತಾಣದಲ್ಲಿ ಪ್ರಕಟಿಸಲಾಯಿತು. ಲಾಗಿನ್ ಇಲ್ಲ, ಶುಲ್ಕವಿಲ್ಲ. ಈ ಸೇವೆಗೆ ಪೂರ್ಣ ಅಂಕ, ವರದಿಗೆ ಕೊಂಚ ಕಡಿಮೆ.

ವರದಿಯ ಬಲವಿರುವುದು ಸಣ್ಣ ವಿವರಗಳಲ್ಲಿ. 2020ರ ಡಿಸೆಂಬರ್ 18ರ ಕೂಟದ ಮರುದಿನ ಬೆಳಿಗ್ಗೆ ಕೋಣೆಗೆ ಬಂದ ಸ್ವಚ್ಛತಾ ಸಿಬ್ಬಂದಿ, ಗೋಡೆಯ ಮೇಲೂ ಜೆರಾಕ್ಸ್ ಕಾಗದದ ಪೆಟ್ಟಿಗೆಗಳ ಮೇಲೂ ಕೆಂಪು ವೈನ್ ಚೆಲ್ಲಿರುವುದನ್ನು ಕಂಡರೆಂಬ ಸಾಲನ್ನು ಓದುವಾಗ, ಅದೇ ವರ್ಷ ಆಪ್ತರ ಅಂತ್ಯಕ್ರಿಯೆಗೂ ಹೋಗಲಾಗದ ಜನರ ನೆನಪಾಗದೆ ಇರದು. ಸ್ವಚ್ಛತಾ ಮತ್ತು ಭದ್ರತಾ ಸಿಬ್ಬಂದಿಯನ್ನು ಕೀಳಾಗಿ ನಡೆಸಿಕೊಂಡದ್ದನ್ನೂ ಗ್ರೇ ಮುಚ್ಚಿಟ್ಟಿಲ್ಲ. ಛಾಯಾಚಿತ್ರಗಳೂ ಇವೆ, ಅವುಗಳಿಗೆ ವಿವರಣೆಯೇ ಬೇಡ.

ಕೊರತೆಯೆಂದರೆ, ಹೊಣೆಯನ್ನು ಹಿರಿಯ ನಾಯಕತ್ವ ಹೊರಬೇಕು ಎಂಬಲ್ಲಿಗೇ ವರದಿ ನಿಂತುಬಿಡುತ್ತದೆ. ನಿಯಮ ಮಾಡಿದ ಅಂದಿನ ಪ್ರಧಾನಿ ಬೋರಿಸ್ ಜಾನ್ಸನ್ ತಾವೇ ದಂಡ ಕಟ್ಟಿದ್ದು ಪೊಲೀಸರ ತನಿಖೆಯಿಂದ. ಈ ಕೂಟಗಳ ವಿಷಯದಲ್ಲಿ ಅವರು ಸಂಸತ್ತಿನ ಸದನದ ದಾರಿ ತಪ್ಪಿಸಿದರೇ ಎಂಬ ಮುಖ್ಯ ಪ್ರಶ್ನೆಗೆ ಉತ್ತರ ಬೇಕಿದ್ದರೆ ಅದೇ ಸದನದ ಹಕ್ಕುಬಾಧ್ಯತಾ ಸಮಿತಿಯ 2023ರ ಜೂನ್ ವರದಿಯನ್ನೇ ತೆರೆಯಬೇಕು: ಉದ್ದೇಶಪೂರ್ವಕವಾಗಿಯೇ ತಪ್ಪಿಸಿದರು, ಸದಸ್ಯತ್ವಕ್ಕೆ ರಾಜೀನಾಮೆ ನೀಡಿರದಿದ್ದರೆ 90 ದಿನಗಳ ಅಮಾನತಿಗೆ ಶಿಫಾರಸು ಮಾಡುತ್ತಿದ್ದೆವು ಎಂದು ಅದು ನೇರವಾಗಿಯೇ ಹೇಳುತ್ತದೆ.