ಅಮೃತ್ ಫ್ಯೂಷನ್: ನೀರು ಹಾಕಿ, ಸೋಡಾ ಬೇಡ

ನನ್ನ ಕಪಾಟಿನಲ್ಲಿ ಈಗ ಹನ್ನೊಂದು ಬಾಟಲಿಗಳಿವೆ. ಅದರಲ್ಲಿ ಖಾಲಿಯಾದ ಕೂಡಲೇ ಮತ್ತೆ ತರುವುದು ಅಮೃತ್ ಫ್ಯೂಷನ್ ಅನ್ನೋ ಈ ವಿಸ್ಕಿಯೊಂದನ್ನೇ. ನಮ್ಮ ಮೈಸೂರು ರಸ್ತೆಯ ಕಂಬೀಪುರದಲ್ಲಿ ತಯಾರಾಗುವ ಸಿಂಗಲ್ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿಯಿಂದ ಒಂದೇ ಕಡೆ ಬಟ್ಟಿ ಇಳಿಸಿದ ವಿಸ್ಕಿ) ಅನ್ನೋ ಅಭಿಮಾನ ಸ್ವಲ್ಪ ಇದೆ, ಸುಳ್ಳು ಹೇಳಲ್ಲ.

ಹೆಸರಿಗೆ ತಕ್ಕಂತೆ ಇದು ಎರಡರ ಜೋಡಿ. ನಮ್ಮ ದೇಶದ ಬಾರ್ಲಿ ಜಾಸ್ತಿ, ಜೊತೆಗೆ ಹೊಗೆಯಲ್ಲಿ ಒಣಗಿಸಿದ ಸ್ಕಾಟ್ಲೆಂಡಿನ ಬಾರ್ಲಿ ಸ್ವಲ್ಪ. ಮೊದಲ ಗುಟುಕಿಗೆ ಸುಟ್ಟ ಸಕ್ಕರೆ, ಕಿತ್ತಳೆ ಸಿಪ್ಪೆ. ಆಮೇಲೆ ಮೆಲ್ಲಗೆ ಹೊಗೆ ಬರುತ್ತದೆ, ಹಳ್ಳಿಮನೆಯ ಬಚ್ಚಲ ಒಲೆ ನೆನಪಾಗುವಷ್ಟೇ. ಆಲ್ಕೋಹಾಲ್ 50%, ಹಾಗಾಗಿ ಹಾಗೇ ಕುಡಿದರೆ ಗಂಟಲು ಉರಿಯುತ್ತದೆ. ಒಂದು ಚಮಚ ನೀರು ಹಾಕಿ ಐದು ನಿಮಿಷ ಬಿಟ್ಟು ಮೂಸಿ ನೋಡಿ, ಬೇರೆಯೇ ವಿಸ್ಕಿ ಅನ್ನಿಸುತ್ತದೆ.

ಬಾಟಲಿ ಮೇಲೆ ವಯಸ್ಸು, ಅಂದರೆ ಪೀಪಾಯಿಯಲ್ಲಿ ಎಷ್ಟು ವರ್ಷ ಇತ್ತು ಅನ್ನೋದು, ಬರೆದಿಲ್ಲ ಅಂತ ಮೂಗು ಮುರಿಯಬೇಡಿ. ಬೆಂಗಳೂರಿನ ಸೆಕೆಗೆ ಪೀಪಾಯಿಯಿಂದ ವರ್ಷಕ್ಕೆ ಸುಮಾರು 10% ಆವಿಯಾಗುತ್ತದೆ, ಸ್ಕಾಟ್ಲೆಂಡಿನಲ್ಲಿ ಬರೀ 2%. ಇಲ್ಲಿ ಹನ್ನೆರಡು ವರ್ಷ ಕಾದರೆ ಎಷ್ಟು ಉಳಿದೀತು ಹೇಳಿ!

ಒಂದು ಮಾತು, ಬಾಟಲಿ ನಿಲ್ಲಿಸಿಯೇ ಇಡಿ. ನಾನು ಜಾಣತನ ಮಾಡಿ ಬೋರ್ಬನ್ ಅನ್ನೋ ಅಮೆರಿಕದ ವಿಸ್ಕಿಯ ಬಾಟಲಿಯೊಂದನ್ನು ವೈನ್ ಥರ ಮಲಗಿಸಿಟ್ಟು, ಕಾರ್ಕ್ ಪುಡಿಯಾಗಿ, ಕೊನೆಗೆ ಕಾಫಿ ಫಿಲ್ಟರ್ ಪೇಪರಿನಲ್ಲಿ ಸೋಸಿ ಕುಡಿದೆ. ಮನೆಯವಳು ಇನ್ನೂ ಆಡಿಕೊಳ್ಳುತ್ತಾಳೆ.

ಬೆಲೆ? ತಿಂಗಳ ಕೊನೆಯಲ್ಲಿ ಕೊಳ್ಳುವಂಥದ್ದಲ್ಲ.